ಮುಕ್ಕಾದ ಕಿವಿಗೆ ತೇಪೆ ಬೇಡ

ಹಳೇ ಪಿಂಗಾಣಿ ನಾಯಿಗೆ ಹೊಸ ಕಿವಿ ಅಂಟಿಸಿ, ಮೇಲೆ ಬಣ್ಣ ಬಳಿದು, "ಒಂದು ಗೀರೂ ಇಲ್ಲ ನೋಡ್ರಿ" ಅಂತ ಮಾರುವವರ ಮೇಲೆ ನನಗೆ ಅಷ್ಟೇನೂ ಸಿಟ್ಟಿಲ್ಲ. ಅದು ಅವರ ಹೊಟ್ಟೆಪಾಡು. ಸಿಟ್ಟು ಬರುವುದು ಅಂಥದ್ದನ್ನೇ ಹುಡುಕಿಕೊಂಡು ಹೋಗುವ ನಮ್ಮ ಸಂಗ್ರಾಹಕ ಬಂಧುಗಳ ಮೇಲೆ. ಮಕ್ತಲ್, ನಾರಾಯಣಪೇಟೆ ಕಡೆ ಯಾವುದೋ ಹಳೇ ಮನೆಯ ಗಾಜಿನ ಅಲಮಾರಿಯಿಂದ ಮುಕ್ಕಾದ ಜಿಂಕೆಯೊಂದು ಹೊರಬಿತ್ತು ಅನ್ನಿ. ಎಲ್ಲಿಯದು, ಯಾವ ಕಾಲದ್ದು ಎಂಬ ಪ್ರಶ್ನೆ ಏಳುವ ಮೊದಲೇ ಇವರು ರಿಪೇರಿಯವನಿಗೆ ಫೋನು ಹಚ್ಚಿರುತ್ತಾರೆ. ಬಿರುಕಿನಲ್ಲೂ ಎರಡು ಜಾತಿ ಉಂಟು. ಭಟ್ಟಿಯಲ್ಲೇ ಬಿಟ್ಟ ಬಿರುಕಿನ ಅಂಚು ಸಾಮಾನ್ಯವಾಗಿ ದುಂಡಗಿರುತ್ತದೆ, ಗಾಜಿನಂಥ ಮೆರುಗು ಒಳಗೆ ಇಳಿದು ನಿಂತಿರುತ್ತದೆ, ಉಗುರು ಆಡಿಸಿದರೆ ನಯವಾಗಿ ಜಾರುತ್ತದೆ. ಆಮೇಲೆ ಕೈಜಾರಿ ಆದದ್ದರ ಅಂಚು ಚೂಪು. ಒಳಗೆ ಮೆರುಗಿಲ್ಲ, ವರ್ಷಗಳ ಕೊಳೆ ಕಂದು ಗೆರೆಯಾಗಿ ಕೂತಿರುತ್ತದೆ. ಎರಡರ ಮೇಲೂ ಒಂದೇ ಪುಟ್ಟಿ ಮೆತ್ತಿದರೆ ಬೊಂಬೆ ಹುಟ್ಟುವಾಗ ಏನಾಯಿತು, ಬಾಳುವಾಗ ಏನಾಯಿತು ಎರಡೂ ಅಳಿಸಿಹೋದವು. ಮೆತ್ತಿದ್ದನ್ನು ಹಿಡಿಯುವುದೇನೂ ಕಷ್ಟವಲ್ಲ. ಕತ್ತಲೆ ಕೋಣೆಯಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪ ಹಿಡಿದರೆ ಹೊಸ ಬಣ್ಣ, ಅಂಟು ಬೇರೆಯಾಗಿಯೇ ಎದ್ದು ಕಾಣುತ್ತವೆ. ದೀಪವಿಲ್ಲದಿದ್ದರೆ ತುಟಿಗೆ ತಾಗಿಸಿ: ಪಿಂಗಾಣಿ ತಣ್ಣಗಿರುತ್ತದೆ, ರಾಳದ ತೇಪೆಗೆ ಆ ತಂಪಿರುವುದಿಲ್ಲ.

ಜಪಾನಿನವರು ಒಡೆದ ಬಟ್ಟಲನ್ನು ಚಿನ್ನದ ಪುಡಿ ಹಾಕಿ ಕೂಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೂಡಿಸುತ್ತಾರೆ, ಆದರೆ ಕೂಡಿಸಿದ್ದು ಊರಿಗೆಲ್ಲ ಕಾಣಲಿ ಎಂದೇ ಚಿನ್ನ ಹಾಕುತ್ತಾರೆ. ಅಷ್ಟು ದೂರ ಯಾಕೆ, ಗದ್ವಾಲ್ ಸೀರೆಯ ಹತ್ತಿ ಒಡಲಿಗೆ ರೇಷ್ಮೆ ಅಂಚು ಸೇರುವ ಜಾಗವನ್ನೇ ನೋಡಿ, ಅದನ್ನು ಮರೆಮಾಚುವ ನೇಕಾರ ಇಲ್ಲ. ಮುಕ್ಕಾದದ್ದಕ್ಕೆ ಬೆಲೆ ಬೀಳುತ್ತದಲ್ಲ ಎಂಬುದು ಇನ್ನೊಂದು ತಕರಾರು. ಬೀಳಲಿ, ಕಡಿಮೆ ದುಡ್ಡಿನವರಿಗೂ ಒಂದು ಸಿಗಲಿ.

ಐಬಿಲ್ಲದ್ದೇ ಶ್ರೇಷ್ಠ ಎನ್ನುವವರು ಒಮ್ಮೆ ಜರ್ಮನಿಯ ಡ್ರೆಸ್ಡೆನ್ ಕಡೆ ನೋಡಬೇಕು. 1710ರಲ್ಲಿ ಶುರುವಾದ ಮೈಸೆನ್ ಕಾರ್ಖಾನೆಗೆ ದೊರೆ ಅಗಸ್ಟಸ್ ತನ್ನ ಅರಮನೆಗಾಗಿ ನಿಜಗಾತ್ರದ ಪ್ರಾಣಿಗಳನ್ನೇ ಮಾಡಿಕೊಡಲು ಹೇಳಿದ. ಪಿಂಗಾಣಿ ಮಣ್ಣು ಸುಟ್ಟಾಗ ಆರರಲ್ಲೊಂದು ಪಾಲು ಕುಗ್ಗುತ್ತದೆ. ಅಷ್ಟು ದೊಡ್ಡ ಮೈ ಕುಗ್ಗುವಾಗ ಬಿರಿಯದೆ ಇರುತ್ತದೆಯೇ? ಬಿರಿದವು. ಬಣ್ಣಕ್ಕಾಗಿ ಮತ್ತೆ ಸುಟ್ಟರೆ ಒಡೆದೇ ಹೋದಾವೆಂದು ಹಲವನ್ನು ಬಿಳಿಯಾಗಿಯೇ ಬಿಟ್ಟರು. ಇವತ್ತಿಗೂ ಜ್ವಿಂಗರ್ ಅರಮನೆಯ ಸಂಗ್ರಹದಲ್ಲಿ ಅವು ಬಿರುಕು ಸಮೇತ ನಿಂತಿವೆ. ಅವುಗಳಲ್ಲಿ ಕಿರ್ಖ್ನರ್ ಎಂಬಾತ ಮಾಡಿದ ಖಡ್ಗಮೃಗಕ್ಕೆ ಬೆನ್ನಿನ ಮೇಲೆ ಇನ್ನೊಂದು ಪುಟ್ಟ ಕೊಂಬು! ಅವನು ನಂಬಿದ್ದು 1515ರ ಡ್ಯೂರರ್ ಚಿತ್ರವನ್ನು. ಡ್ಯೂರರ್ ತಾನೂ ಆ ಪ್ರಾಣಿಯನ್ನು ಕಂಡವನಲ್ಲ. ಅದು ಗುಜರಾತಿನ ಸುಲ್ತಾನ ಪೋರ್ಚುಗೀಸರಿಗೆ ಕೊಟ್ಟ, ಗೋವೆಯಿಂದ ಲಿಸ್ಬನ್ನಿಗೆ ಹಡಗೇರಿದ ಘೇಂಡಾ. ಕೊನೆಗೆ 1747ರಲ್ಲಿ, ಭಾರತದಿಂದಲೇ ಹೋಗಿದ್ದ ಕ್ಲಾರಾ ಎಂಬ ಖಡ್ಗಮೃಗ ಡ್ರೆಸ್ಡೆನ್ನಿಗೆ ಬಂದಾಗ, ಮೈಸೆನ್ನಿನ ಕೆಂಡ್ಲರ್ ನಿಜವಾದದ್ದನ್ನು ಕಣ್ಣಾರೆ ಕಂಡ. ಹಾಗೆಂದು ಹಳೆಯದರ ಬೆನ್ನಿನ ಕೊಂಬನ್ನು ಯಾರೂ ಕೆರೆದು ತೆಗೆಯಲಿಲ್ಲ. ನಮ್ಮ ದೋಸ್ತರ ಕೈಗೆ ಸಿಕ್ಕಿದ್ದರೆ ಅರ ಹಾಕಿ ಉಜ್ಜಿ, ಬೂದುಬಣ್ಣ ಬಳಿದು, "ಈಗ ಕರೆಕ್ಟಾತು" ಅಂದಿರುತ್ತಿದ್ದರು.