ಅಕ್ಕಿಕಾಳು ಬೀಳುವ ಹೊತ್ತಿಗೆ

ಇಚಲಕರಂಜಿ. ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟಿರಿ. ಖಟಖಟ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ, ಎಲ್ಲವೂ ಕೈಸನ್ನೆಯಲ್ಲೇ. 1904ರಲ್ಲಿ ವಿಠ್ಠಲರಾವ್ ದಾತಾರ್ ಈ ಊರಿನ ಮೊದಲ ಪವರ್‌ಲೂಮ್ ಹಾಕಿದ ಮೇಲೆ ಈ ಸದ್ದೇ ಊರಿನ ಅನ್ನ. ಹತ್ತಿಯ ಎಳೆ ಗಾಳಿಯಲ್ಲಿ ತೇಲಿ ನಿಮ್ಮ ಹುಬ್ಬಿನ ಮೇಲೆ, ಕ್ಯಾಮೆರಾ ಬೆಲ್ಟಿನ ಮೇಲೆ ಕೂರುತ್ತಿದೆ. ಇಲ್ಲಿ ಮಾತ್ರ ಲೆನ್ಸ್ ಬಿಚ್ಚಬೇಡಿ. ಒಂದೇ ಒಂದು ಎಳೆ ಸೆನ್ಸರಿಗೆ ಅಂಟಿದರೂ ಸಂಜೆಯ ಮದುವೆಯ ಗ್ರೂಪ್ ಫೋಟೋಗಳಲ್ಲೆಲ್ಲ ಕಲೆ. ಅದಕ್ಕೇ ಎರಡು ಹೆಗಲಿಗೆ ಎರಡು ಬಾಡಿ. ಹೊಸ ದುಬಾರಿ ಮಾಡೆಲ್ ಒಂದಕ್ಕಿಂತ ಒಂದೇ ಬಗೆಯ ಹಳೆಯ ಬಾಡಿ ಎರಡಿರುವುದು ಮೇಲು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಬೆರಳು ಬಟನ್ ಹುಡುಕುವುದಿಲ್ಲ, ಬ್ಯಾಟರಿ ಎರಡಕ್ಕೂ ಹೊಂದುತ್ತದೆ.

ಮೊದಲ ಫೋಟೋ ನೋಡಿ: ಅಡ್ಡಡ್ಡ ಕಪ್ಪು ಪಟ್ಟೆ. ಶಟರ್ 1/500ರಲ್ಲಿದೆ. ನಮ್ಮ ಕರೆಂಟು 50 ಹರ್ಟ್ಸ್, ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತದೆ. 1/100ಕ್ಕೆ ಇಳಿಸಿ. ಪಟ್ಟೆ ಮಾಯ. ಲಾಳಿ ಬರೀ ಗೆರೆಯಾಗಿ ಹರಿದು, ಹರಿದ ನೂಲಿಗೆ ಗಂಟು ಹಾಕುವ ಬೆರಳುಗಳು ಮಾತ್ರ ಚೊಕ್ಕವಾಗಿ ಮೂಡುತ್ತವೆ. ಫೋಟೋ ಸಿಕ್ಕಿತು!

ಮಧ್ಯಾಹ್ನ ಕೊಲ್ಹಾಪುರ. 70-200 ಲೆನ್ಸ್ ಬಾಡಿಗೆಗೆ ಬೇಕು. ಅಂಗಡಿಯವರು ಕೊಟ್ಟದ್ದನ್ನು ಹಾಗೇ ಚೀಲಕ್ಕೆ ಹಾಕಬೇಡಿ. ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ ಕಂಡರೆ ಅದು ಫಂಗಸ್, ಈ ಸೀಮೆಯ ಮಳೆಗಾಲದ ಕೊಡುಗೆ. ವಾಪಸ್ ಕೊಟ್ಟು ಬೇರೆಯದು ಕೇಳಿ.

ಹೊರಡುವ ಮುಂಚೆ ಖರಿ ಕಾರ್ನರಿನ ಕ್ಯಾಮೆರಾ ಸ್ತಂಭದ ಹತ್ತಿರ ಒಂದಿಷ್ಟು ನಿಲ್ಲಿ. ಸಿನಿಮಾ ಕ್ಯಾಮೆರಾ ಕೈಗೆಟುಕದ ಕಾಲದಲ್ಲಿ ಆನಂದರಾವ್ ಮತ್ತು ಬಾಬುರಾವ್ ಪೇಂಟರ್ ಅದನ್ನು ತಾವೇ ಮಾಡಲು ಹೊರಟರು. 1916ರಲ್ಲಿ ಆನಂದರಾವ್ ತೀರಿಕೊಂಡರು. ಬಾಬುರಾವ್ ಕೈಬಿಡಲಿಲ್ಲ, ಶಿಷ್ಯ ದಾಮ್ಲೆಯವರ ಜೊತೆ 1918ರಲ್ಲಿ ಕ್ಯಾಮೆರಾ ಮುಗಿಸಿದರು. 1920ರ 'ಸೈರಂಧ್ರಿ' ಅವರ ಸಾಹಸದ ಫಲ. ತನ್ನ ಕ್ಯಾಮೆರಾದ ಪ್ರತಿ ತಿರುಪು ಯಾಕಿದೆ ಎಂದು ಬಲ್ಲ ಮನುಷ್ಯ! ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಕಾಗಲ್ ದಾಟಿ, ನಿಪ್ಪಾಣಿ ಹಾದು, ಸಂಕೇಶ್ವರದಲ್ಲಿ ಬಲಕ್ಕೆ ಹೊರಳಿ ಮತ್ತೆ ಮಹಾರಾಷ್ಟ್ರ. ಗಡಹಿಂಗ್ಲಜದ ಮಂಗಲ ಕಾರ್ಯಾಲಯದಲ್ಲಿ ಒಂದು ಕಿವಿಗೆ ಮರಾಠಿ, ಇನ್ನೊಂದಕ್ಕೆ ಕನ್ನಡ. ಹುಡುಗಿಯ ಸೋದರಮಾವ ನಿಮ್ಮ ಭುಜ ಹಿಡಿಯುತ್ತಾರೆ: "ನೋಡ್ರಿ ಸರ, ಅಕ್ಕಿಕಾಳ ಬೀಳೂದು ಒಂದ ಸಲ. ತಪ್ಪಿಸಬ್ಯಾಡ್ರಿ."

ವಾದ್ಯ ಏರುತ್ತದೆ. ಬಲಗೈಯ ಬಾಡಿ ಎತ್ತುತ್ತೀರಿ. ಸ್ಕ್ರೀನಿನಲ್ಲಿ 'ಕಾರ್ಡ್ ಎರರ್'. ಆಫ್-ಆನ್ ಮಾಡುತ್ತ ನಿಲ್ಲಬೇಡಿ, ಅದನ್ನು ಬಿಡಿ, ಎಡದ್ದು ಎತ್ತಿ. ಸೆಟ್ಟಿಂಗ್ ಅದೇ, ಬಟನ್ನೂ ಅಲ್ಲೇ. ಅಕ್ಕಿ ಗಾಳಿಯಲ್ಲಿದೆ, ಹುಡುಗಿಯ ಕಣ್ಣು ಅರೆಮುಚ್ಚಿವೆ. ಒತ್ತಿ, ಒತ್ತುತ್ತಲೇ ಇರಿ.

"ಬಂತೇನ್ರಿ?" ಮಾವ ಕೇಳುತ್ತಾರೆ.

"ಬಂತ್ರಿ ಮಾಮಾ, ನೋಡ್ರಿ" ಎಂದು ಸ್ಕ್ರೀನು ಅವರತ್ತ ತಿರುಗಿಸುತ್ತೀರಿ. ಅಷ್ಟರಲ್ಲಿ ಹುಡುಗನ ಕಡೆಯವರು ಗ್ರೂಪ್ ಫೋಟೋಕ್ಕೆ ಸಾಲು ಕಟ್ಟಿದ್ದಾರೆ.