ಎದುರಿನಿಂದ ಬಂದರೆ ಕೂಡಿಸಬೇಕು

ಧಾರವಾಡದ ಮನೆಗೆ ಬೀಗ ಹಾಕಿ, ಕೀಲಿಕೈಯನ್ನು ಟ್ರಂಕಿನ ತಳಕ್ಕೆ ಇಟ್ಟುಕೊಂಡು ಪುಣೆಯ ಕೋಥರೂಡಿಗೆ ಮಗನ ಫ್ಲ್ಯಾಟಿಗೆ ಬಂದು ಮೂರು ವರ್ಷವಾಯಿತು. ಮನೆಯಾಕೆ ಹೋದ ಮೇಲೆ ನಾನು ಒಬ್ಬನೇ ಇರುವುದು ಬೇಡವೆಂದು ಮಗ ಹಟ ಹಿಡಿದಿದ್ದ. ಇಲ್ಲಿ ಊಟಕ್ಕೆ, ಔಷಧಿಗೆ ಯಾವ ಕೊರತೆಯೂ ಇಲ್ಲ. ಕೊರತೆ ಇದ್ದದ್ದು ಕೆಲಸಕ್ಕೆ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಸಾಲದ ಕಾಗದ ನೋಡಿದವನಿಗೆ ಸುಮ್ಮನೆ ಕೂಡುವುದು ಸುಲಭವಲ್ಲ.

ಆ ಕೆಲಸವನ್ನು ಕೊಟ್ಟವನು ಒಂಬತ್ತನೆಯ ಇಯತ್ತೆಯಲ್ಲಿ ಓದುವ ಮೊಮ್ಮಗ. ಪ್ರತಿ ರವಿವಾರ ಮಧ್ಯಾಹ್ನ ನಮ್ಮ ಊಟದ ಟೇಬಲ್ಲಿನ ಸುತ್ತ ನಾಲ್ಕೈದು ಮಕ್ಕಳು ಸೇರುತ್ತಾರೆ. ಮೇಲಿನ ಮಹಡಿಯ ಇಂಜಿನಿಯರಿಂಗ್ ಓದುವ ಹುಡುಗಿ ಕಥೆ ನಡೆಸುತ್ತಾಳೆ. ಉಳಿದವರು ಒಂದೊಂದು ಪಾತ್ರ. ಏನು ಮಾಡುತ್ತೇವೆ ಎಂದು ಬಾಯಲ್ಲಿ ಹೇಳುತ್ತಾರೆ; ಆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಕುಮಟಾ ಶಾಖೆಯಲ್ಲಿದ್ದಾಗ ರಾತ್ರಿಯೆಲ್ಲ ಕೂತು ತಾಳಮದ್ದಳೆ ಕೇಳಿದವನು ನಾನು. ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗದ ಚೌಕಟ್ಟು ಮಾತ್ರ ಗಟ್ಟಿ, ಮಾತು ಅಲ್ಲಿಯೇ ಹುಟ್ಟಬೇಕು. ಇದೂ ಹಾಗೆಯೇ ಅನ್ನಿಸಿತು. ಅಲ್ಲಿ ಕೃಷ್ಣ, ಕೌರವ, ಇಲ್ಲಿ ಆಕಾಶನೌಕೆ.

"ಅಜ್ಜಾ, ನೀ ಬ್ಯಾಂಕಿನಾಂವ ಇದ್ದಿ. ನಮ್ಮ ಹಡಗದ ಲೆಕ್ಕ ನೀನ ನೋಡು" ಎಂದ ಮೊಮ್ಮಗ.

ಆಟದ ಹೆಸರು ಟ್ರಾವೆಲರ್. ಮಾರ್ಕ್ ಮಿಲ್ಲರ್ ಎಂಬ ಅಮೆರಿಕದವರು ಬರೆದದ್ದು, 1977ರಲ್ಲಿ ಮೂರು ಸಣ್ಣ ಕಪ್ಪು ಪುಸ್ತಕಗಳಾಗಿ ಬಂದದ್ದು. ಆ ಹಳೆಯ ನಿಯಮ ಓದಿದಾಗ ನನಗೆ ನಗು ತಡೆಯಲಾಗಲಿಲ್ಲ. ನೌಕೆ ಕೊಳ್ಳಲು ಬ್ಯಾಂಕ್ ಸಾಲ! ಶೇಕಡಾ 20 ನಮ್ಮ ಕೈಯಿಂದ, ಆಮೇಲೆ ಬೆಲೆಯ 240ನೆಯ ಒಂದು ಭಾಗದಂತೆ 480 ತಿಂಗಳ ಕಂತು. ಸಣ್ಣ ವ್ಯಾಪಾರಿ ನೌಕೆಯೊಂದರ ಬೆಲೆ 3 ಕೋಟಿ 70 ಲಕ್ಷ 80 ಸಾವಿರ ಕ್ರೆಡಿಟ್. ತಿಂಗಳ ಕಂತು 1,54,500. ನಲವತ್ತು ವರ್ಷದ ಸಾಲ. ಇಂಥ ಅರ್ಜಿ ನನ್ನ ಟೇಬಲ್ಲಿಗೆ ಬಂದಿದ್ದರೆ ನಾನು ಖಂಡಿತ ಸಹಿ ಹಾಕುತ್ತಿರಲಿಲ್ಲ.

ಈ ಆಟದ ಆಕಾಶದಲ್ಲಿ ಬ್ರೇಕು ಎಂಬುದಿಲ್ಲ. ಹೋದ ಸರದಿಯಲ್ಲಿ ಎಷ್ಟು ವೇಗವಿತ್ತೋ ಈ ಸರದಿಯಲ್ಲೂ ಅಷ್ಟೇ. ನಿಲ್ಲಬೇಕಾದರೆ ಉಲ್ಟಾ ದಿಕ್ಕಿಗೆ ಅಷ್ಟೇ ಹೊತ್ತು ಇಂಜಿನ್ ಉರಿಸಬೇಕು. ತಡವಾಗಿ ನೆನಪಾದವನು ಹೋಗಿ ಬಡಿಯುತ್ತಾನೆ.

ಒಂದು ರವಿವಾರ ಹಾಗೆಯೇ ಆಯಿತು. ನಿಲ್ದಾಣವೊಂದರ ಹತ್ತಿರ, ಎಲ್ಲರೂ ಮೆಲ್ಲಗೆ ಸಾಗುವ ಜಾಗದಲ್ಲಿ ಕಳ್ಳರ ನೌಕೆ ನಮಗೆ ಎದುರಾಯಿತು. "ಡಿಕ್ಕಿ ಹೊಡಿಯೂಣು" ಎಂದ ಮೊಮ್ಮಗ.

"ಸಾಲ ತೀರಿಲ್ಲೋ ತಮ್ಮಾ. ಕಂತು ಯಾರು ಕಟ್ಟಾವ್ರು?"

"ಬದುಕಿದ್ರ ಕಂತಿನ ಮಾತು, ಅಜ್ಜಾ!"

ಡಿಕ್ಕಿಯ ಲೆಕ್ಕಕ್ಕೆ ಆ ಹುಡುಗಿ ಗರ್ಪ್ಸ್ ಎಂಬ ಇನ್ನೊಂದು ಆಟದ ಪುಸ್ತಕ ತೆಗೆದಳು. 2004ರ ಆವೃತ್ತಿಯ ಸೂತ್ರ ಸರಳ. ವಸ್ತುವಿನ ಗಟ್ಟಿತನದ ಅಂಕಿಯನ್ನು ಸೆಕೆಂಡಿಗೆ ಇಷ್ಟು ಗಜ ಎಂಬ ವೇಗದಿಂದ ಗುಣಿಸಿ 100ರಿಂದ ಭಾಗಿಸು. ಬಂದಷ್ಟು ದಾಳ ಉರುಳಿಸು. ಎದುರುಬದುರು ಬಂದರೆ ಇಬ್ಬರ ವೇಗ ಕೂಡಿಸಬೇಕು. ಹಿಂದಿನಿಂದ ಬಡಿದರೆ ಕಳೆಯಬೇಕು.

ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ, ದಾಳ ಮಾತ್ರ ಎರಡೇ ಪಟ್ಟು ಯಾಕೆ ಎಂದು ನಾನು ಮೊಮ್ಮಗನ ವಿಜ್ಞಾನದ ಪುಸ್ತಕ ತೋರಿಸಿ ಆಕ್ಷೇಪಣೆ ಎತ್ತಿದೆ. "ಆಜೋಬಾ, ನಾಲ್ಕು ಪಟ್ಟು ದಾಳ ಎಣಿಸುತ್ತ ಕೂತರೆ ಆಟ ಯಾವಾಗ ಆಡೋದು?" ಎಂದಳು. ಒಪ್ಪಿಕೊಂಡೆ.

ನಮ್ಮ ಅಂಕಿ 300 ಎಂದು ಇಟ್ಟಿದ್ದಳು. ಎರಡೂ ನೌಕೆಗಳ ವೇಗ 30. ಎದುರಾದರೆ 60, ಅಂದರೆ 180 ದಾಳ. ಇಬ್ಬರೂ ಪುಡಿ. ನಾನು ಕಾಗದದ ಮೇಲೆ ಇನ್ನೊಂದು ಲೆಕ್ಕ ಹಾಕಿದೆ. ತಿರುಗಿಸಿ, ಅವರು ಹೋಗುವ ದಿಕ್ಕಿನಲ್ಲೇ 28ರ ವೇಗದಲ್ಲಿ ಓಡಿದರೆ ವ್ಯತ್ಯಾಸ 2. ಆರೇ ದಾಳ! ಮೊಮ್ಮಗ ತಿರುಗಿಸಿದ. ಕಳ್ಳರ ನೌಕೆ ಹಿಂದಿನಿಂದ ತಾಗಿತು, ಬಾಲ ನುಗ್ಗಾಯಿತು, ಅಷ್ಟರಲ್ಲಿ ನಿಲ್ದಾಣದ ಕಾವಲಿನವರು ಬಂದರು.

ಇದು ಬರೀ ಆಟದ ಮಾತಲ್ಲವೆಂದು ಹುಡುಗಿ ಆಮೇಲೆ ಹೇಳಿದಳು. 1997ರ ಜೂನ್ 25ರಂದು ರಷ್ಯದ ಮೀರ್ ನಿಲ್ದಾಣಕ್ಕೆ ಪ್ರೋಗ್ರೆಸ್ ಎಂಬ ಸರಕು ನೌಕೆ ಬಡಿಯಿತು. ಎರಡೂ ಸೆಕೆಂಡಿಗೆ 7 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಭೂಮಿಯನ್ನು ಸುತ್ತುತ್ತಿದ್ದವು. ಆದರೆ ಒಂದಕ್ಕೊಂದು ಲೆಕ್ಕದಲ್ಲಿ ಸುಮಾರು 3 ಮೀಟರ್ ಅಷ್ಟೇ. ಒಂದು ಕೋಣೆ ತೂತಾಯಿತು. ಒಳಗಿದ್ದ ಮೂವರೂ ಆ ಬಾಗಿಲು ಮುಚ್ಚಿ ಬದುಕಿದರು. 2009ರ ಫೆಬ್ರುವರಿ 10ರಂದು ಇರಿಡಿಯಂ-33, ಕಾಸ್ಮೋಸ್-2251 ಎಂಬ ಎರಡು ಉಪಗ್ರಹಗಳು ಅಡ್ಡಡ್ಡ ಬಂದು ಸೆಕೆಂಡಿಗೆ 11 ಕಿ.ಮೀ. ಮೀರಿದ ವೇಗದಲ್ಲಿ ಬಡಿದುಕೊಂಡಾಗ ಉಳಿದದ್ದು ಚೂರುಗಳು ಮಾತ್ರ. ನೀವು ಎಷ್ಟು ಜೋರಾಗಿ ಹೊರಟಿದ್ದೀರಿ ಎಂಬುದು ಮುಖ್ಯವಲ್ಲ, ಒಬ್ಬರ ಮೇಲೊಬ್ಬರು ಎಷ್ಟು ಜೋರಾಗಿ ಬರುತ್ತಿದ್ದೀರಿ ಎಂಬುದು ಮುಖ್ಯ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದರೆ ಆಗ ಮಗ ಮತ್ತು ನಾನು ನೆಟ್ಟಗೆ ಮಾತಾಡಿ ಎರಡು ತಿಂಗಳಾಗಿತ್ತು. ಧಾರವಾಡದ ಮನೆ ಮಾರಲು ಅವನು ನನಗೆ ಹೇಳದೆ ಗಿರಾಕಿ ನೋಡಿದ್ದ. ನನಗೆ ಅದು ಮೂರನೆಯವರಿಂದ ಗೊತ್ತಾಯಿತು. "ನಿಮಗ ಹೇಳಬೇಕಂತನ ಇದ್ದೆ, ಅಪ್ಪಾ" ಎಂದ. "ನಿಮ್ಮ ಅವ್ವನ ಮನಿ ಅದು. ನಾ ಸತ್ತ ಮ್ಯಾಲೆ ಮಾರಕೋ" ಎಂದೆ. ಅಷ್ಟೇ. ಅಂದಿನಿಂದ "ಅಜ್ಜಗ ಗುಳಿಗಿ ಕೊಡು", "ಅಪ್ಪಗ ಫೋನ್ ಬಂದದ" ಎಂಬ ಮಾತನ್ನೆಲ್ಲ ಮೊಮ್ಮಗನೇ ಹೊತ್ತು ತಿರುಗುತ್ತಿದ್ದ.

ಮರುದಿನ ಮುಂಜಾನೆ ಮಗ ವೇತಾಳ ಟೇಕಡಿಗೆ ಹೊರಟಾಗ ನಾನೂ ಚಪ್ಪಲಿ ಮೆಟ್ಟಿಕೊಂಡೆ. ಅವನು ಏನೂ ಅನ್ನಲಿಲ್ಲ, ನಡಿಗೆ ಸ್ವಲ್ಪ ನಿಧಾನ ಮಾಡಿದ. ಪಕ್ಕದಲ್ಲಿ ನಡೆಯುತ್ತಿದ್ದೆವಾದ್ದರಿಂದ ಮುಖ ನೋಡುವ ಪ್ರಸಂಗ ಬರಲಿಲ್ಲ. ಅರ್ಧ ಏರಿದ ಮೇಲೆ ಕೇಳಿದೆ: "ಫ್ಲ್ಯಾಟಿಂದು ಎಷ್ಟು ಕಂತು ಉಳದಾವ?"

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ಹನ್ನೊಂದು ವರ್ಷ ಉಳಿದಿತ್ತು. ಹೋದ ವರ್ಷ ಅವನ ಪಗಾರವೂ ಕಡಿಮೆಯಾಗಿತ್ತು; ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬೆಲ್ಲದ ವ್ಯಾಪಾರಿಯಿಂದ ಹಿಡಿದು ಆಟೋ ಕೊಂಡವನವರೆಗೆ ಎಲ್ಲರಿಗೂ ಕೇಳಿದ ಪ್ರಶ್ನೆಯನ್ನು ನಾನು ನನ್ನ ಮಗನಿಗೆ ಮಾತ್ರ ಕೇಳಿರಲಿಲ್ಲ. ಆಟದ ಹಡಗಿನ 480 ಕಂತು ನನಗೆ ಬಾಯಿಪಾಠವಾಗಿದ್ದವು.

ಮನೆಯ ಮಾತು ಇನ್ನೂ ಮುಗಿದಿಲ್ಲ. ನನಗೆ ಮಾರಲು ಮನಸ್ಸಿಲ್ಲ. ಅವನ ಅಡಚಣೆಯೂ ಸುಳ್ಳಲ್ಲ. ದೀಪಾವಳಿಗೆ ಇಬ್ಬರೂ ಕೂಡಿ ಹೋಗಿ, ಬೀಗ ತೆಗೆದು, ಮಾಳಿಗೆ ಎಲ್ಲಿ ಸೋರುತ್ತದೆ ನೋಡಿ, ಅಲ್ಲಿಯೇ ಕೂತು ಮಾತಾಡುವುದೆಂದು ಆಗಿದೆ. ಮೊಮ್ಮಗನೂ ಬರುತ್ತಾನಂತೆ, ದಾಳದ ಡಬ್ಬಿ ತೊಗೊಂಡು.