ಮಂತ್ರಕ್ಕೆ ಇಳಿದ ವಿಷ

ಹಾವು ಕಚ್ಚಿದವರನ್ನು ಮಂತ್ರ ಹಾಕಿಸಿ ಉಳಿಸಿಕೊಂಡ ಕತೆ ಇಲ್ಲದ ಊರು ನಮ್ಮಲ್ಲಿ ಸಿಗುವುದು ಕಷ್ಟ. ಹೇಳುವವರು ಸುಳ್ಳಾಡುತ್ತಿಲ್ಲ, ಕಚ್ಚಿಸಿಕೊಂಡವರು ನಿಜವಾಗಿಯೂ ಎದ್ದು ಕೂತಿದ್ದಾರೆ, ಮರುದಿನ ಹೊಲಕ್ಕೂ ಹೋಗಿದ್ದಾರೆ. ಹಾಗಾಗಿ ಮೂಢನಂಬಿಕೆ ಎಂದು ಬೈದು ಮುಗಿಸಿದರೆ ಯಾರೂ ಕಿವಿಗೊಡುವುದಿಲ್ಲ. ಕೇಳಬೇಕಾದದ್ದು ಇಷ್ಟು: ಬದುಕಿದವರ ಮೈಗೆ ವಿಷ ಏರಿತ್ತೇ? ಭಾರತದ 300ಕ್ಕೂ ಹೆಚ್ಚು ಜಾತಿಯ ಹಾವುಗಳಲ್ಲಿ ಬಹುಪಾಲಿಗೆ ಮನುಷ್ಯನನ್ನು ಕೊಲ್ಲುವ ವಿಷವೇ ಇಲ್ಲ. ಕೇರೆ, ನೀರುಹಾವು ಕಚ್ಚಿದರೆ ಗಾಯವಾದೀತು, ಅಷ್ಟೆ. ನಿರಪಾಯಕಾರಿ ತೋಳಹಾವಿಗೂ ಕಟ್ಟುಹಾವಿನಂಥದೇ ಪಟ್ಟೆಗಳಿರುವುದರಿಂದ ಕತ್ತಲಲ್ಲಿ ಕಂಡವರು ಬೆಚ್ಚುವುದು ಸಹಜ. ನಾಗರಹಾವೇ ಕಚ್ಚಿದರೂ ಕೆಲವೊಮ್ಮೆ ವಿಷ ಬಿಡದೆ ಬರೀ ಹಲ್ಲೂರಿ ಸರಿದುಹೋಗುತ್ತದೆ. ಇವರೆಲ್ಲ ಮಂತ್ರವಿಲ್ಲದೆಯೂ ಬದುಕುತ್ತಿದ್ದವರು. ಗೆದ್ದದ್ದು ಮಂತ್ರದ ಖಾತೆಗೆ, ಸೋತದ್ದು ಹಣೆಬರಹದ ಖಾತೆಗೆ ಎಂದು ಬರೆಯುತ್ತಾ ಹೋದರೆ ಯಾವ ಮದ್ದೂ ಸೋಲುವುದಿಲ್ಲ.

ವಿಷ ಏರಿದಾಗ ನಡೆಯುವುದೇ ಬೇರೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದೇ ಹೆಚ್ಚು; ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣದು. ಬೆಳಗಾಗುವ ಹೊತ್ತಿಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಡಿಸುವ ಸ್ನಾಯುಗಳೇ ಸೋಲುತ್ತವೆ. ಕೊಳಕುಮಂಡಲದ ವಿಷ ರಕ್ತದ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸುತ್ತದೆ. ಇದನ್ನು ತಿಳಿಯಲು ದೊಡ್ಡ ಯಂತ್ರವೇನೂ ಬೇಡ: ಒಣಗಿದ ಗಾಜಿನ ನಳಿಕೆಗೆ ಸ್ವಲ್ಪ ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸುತ್ತಾರೆ. ಆಗಲೂ ನೀರಿನಂತೆ ಹರಿದರೆ ವಿಷ ಕೆಲಸ ಶುರುಮಾಡಿದೆ ಎಂದೇ ಅರ್ಥ. ಹೀಗೆ ಹರಿಯುವ ರಕ್ತವನ್ನು ಯಾವ ಮಂತ್ರವೂ ಗಟ್ಟಿಯಾಗಿಸಿಲ್ಲ. ವಿಷದ ಅಣುಗಳನ್ನು ಹಿಡಿದು ಕಟ್ಟಿಹಾಕುವ, ಕುದುರೆಯ ರಕ್ತದಿಂದ ತಯಾರಾಗುವ ಪ್ರತಿವಿಷ ಆ ಕೆಲಸ ಮಾಡುತ್ತದೆ.

ಪ್ರತಿವಿಷ ಕೊಟ್ಟರೂ ಜನ ಸಾಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಾಯುತ್ತಾರೆ; ಬಹಳ ಸಲ ತಡವಾಗಿ ಬಂದದ್ದೇ ಅದಕ್ಕೆ ಕಾರಣ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕರ ವಿಷಕ್ಕೆಂದು ಮಾಡಿದ್ದು. ಮಲೆನಾಡಿನ ಗುಳಿಮಂಡಲಗಳಿಗೆ ಅದನ್ನು ನೆಚ್ಚುವಂತಿಲ್ಲ. ಈ ಮಿತಿ ನಮಗೆ ಗೊತ್ತಿರುವುದು ಸೋಲನ್ನೂ ಲೆಕ್ಕ ಇಟ್ಟದ್ದರಿಂದ. ಮಂತ್ರ ಧೈರ್ಯವನ್ನಾದರೂ ಕೊಡುತ್ತದೆ ಎಂಬ ವಾದದಲ್ಲಿ ಹುರುಳಿದೆ. ಗಾಬರಿಯಾಗದೆ, ಕಚ್ಚಿದ ಕೈಕಾಲು ಅಲುಗಿಸದೆ ಇರುವುದು ಒಳ್ಳೆಯದೇ. ಆದರೆ ಆ ಧೈರ್ಯವನ್ನು ಆಸ್ಪತ್ರೆಯ ದಾರಿಯಲ್ಲೂ ಹೇಳಬಹುದು. ಬಿಗಿಯಾಗಿ ಹಗ್ಗ ಕಟ್ಟುವುದು, ಗಾಯ ಕೊಯ್ಯುವುದು, ಬಾಯಲ್ಲಿ ಹೀರುವುದು ಮಾತ್ರ ಕೇಡೇ ಹೊರತು ಉಪಕಾರವಲ್ಲ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ಅವರಲ್ಲಿ ಹೆಚ್ಚಿನವರು ಹಳ್ಳಿಗರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ಆದೇಶಿಸಿದ್ದು ಸರಿಯಾದ ಹೆಜ್ಜೆ. ಆದರೆ ಆಸ್ಪತ್ರೆಗೆ ಬಾರದವರ ಲೆಕ್ಕ ಸಿಗುವುದಿಲ್ಲ. ಕಚ್ಚಿದ್ದು ಯಾವ ಹಾವು, ವಿಷ ಬಿಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲಿ ಕೂತು ತಿಳಿಯಲಾಗದು. ತಿಳಿಯದು ಎಂಬ ಕಾರಣಕ್ಕೇ ಮೊದಲು ಆಸ್ಪತ್ರೆಗೆ ಹೊರಡಬೇಕು. ವಿಷವಿಲ್ಲದಿದ್ದರೆ ಒಂದು ದಿನ ಹೋದೀತು. ವಿಷವಿದ್ದರೆ ಒಂದು ಜೀವ ಉಳಿದೀತು.